ಕಂಬದ ಮೇಲೆ ಗೊಣಗಬಾರದು

ಮೇಲಿನಿಂದ ನೋಡಿದರೆ ಮನುಷ್ಯನೆಂದರೆ ಬರೀ ಟೋಪಿ. ಕಂಬ ಹತ್ತಿ ಕೂತ ಕೆಲವೇ ದಿನಗಳಲ್ಲಿ ಲೆಸ್ಟರ್ ಬ್ರಿಗ್ಸ್‌ಗೆ ಈ ಜ್ಞಾನೋದಯವಾಗಿತ್ತು. ಬೂದು ಫೆಲ್ಟ್ ಟೋಪಿಯೆಂದರೆ ಬ್ಯಾಂಕಿನ ಮ್ಯಾನೇಜರು. ಎಣ್ಣೆ ಕಲೆಯ ಚಪ್ಪಟೆ ಟೋಪಿಯೆಂದರೆ ಗರಾಜಿನವನು. ಗುಂಡಗಿನ ಕರಿ ಟೋಪಿಯೆಂದರೆ ಹೋಟೆಲಿನ ಮಾಲೀಕ ಮಿಲ್ಟನ್ ಕ್ರೇಬಲ್. ಯಾರು ಟೋಪಿ ಹಾಕಿಕೊಂಡವರು, ಯಾರು ಹಾಕುವವರು ಎಂಬುದೊಂದು ಮಾತ್ರ ಅಷ್ಟು ಎತ್ತರದಿಂದ ಕಾಣಿಸುತ್ತಿರಲಿಲ್ಲ.

ಕಂಬವಿದ್ದುದು ಕ್ರೇಬಲ್ ಹೋಟೆಲಿನ ನಾಲ್ಕನೇ ಮಹಡಿಯ ತಾರಸಿಯ ಮೇಲೆ. ಬಾವುಟ ಇಳಿಸಿ ಲೆಸ್ಟರನನ್ನು ಏರಿಸಿದ್ದರು. ಕೂರಲು ಪಿಯಾನೋ ಸ್ಟೂಲಿನಷ್ಟು ಅಗಲದ ಹಲಗೆ, ಬೆನ್ನಿಗೊಂದು ಪಟ್ಟಿ, ತಲೆಯ ಮೇಲೆ ಕ್ಯಾನ್ವಾಸಿನ ಕೊಡೆ. ಹಲಗೆಯ ತೂತುಗಳಲ್ಲಿ ಹೆಬ್ಬೆರಳು ಸಿಕ್ಕಿಸಿಕೊಂಡು ಕೂತಲ್ಲೇ ನಿದ್ದೆ. ಮೈ ವಾಲಿದರೆ ಹೆಬ್ಬೆರಳು ಎಬ್ಬಿಸುತ್ತಿತ್ತು. ಒಂದು ಹಗ್ಗದಲ್ಲಿ ಊಟದ ಬುಟ್ಟಿ ಏರುತ್ತಿತ್ತು, ಇನ್ನೊಂದರಲ್ಲಿ ಮುಚ್ಚಳದ ಬಕೆಟ್ಟು ಇಳಿಯುತ್ತಿತ್ತು. ಎರಡು ಹಗ್ಗಕ್ಕೂ ಬೇರೆ ಬೇರೆ ಬಣ್ಣ ಬಳಿಸಿದ್ದು ಹೋಟೆಲಿನ ಅಡುಗೆಯವಳು ಹಲ್ಡಾಳ ಮುಂದಾಲೋಚನೆ.

1929ನೇ ಇಸವಿ. ಆ ವರ್ಷ ದೇಶದ ತುಂಬ ಜನ ಕಂಬ ಹತ್ತಿ ಕೂತಿದ್ದರು. ಸಾಬೂನು ಮಾರಲು ಒಬ್ಬ, ಸಿನಿಮಾ ಮಂದಿರ ತುಂಬಿಸಲು ಇನ್ನೊಬ್ಬ. ಲೆಸ್ಟರ್ ಕೂತಿದ್ದು ಸೈಟು ಮಾರಲು. ಊರಾಚೆಯ ಜೋಳದ ಹೊಲವನ್ನು ಕ್ರೇಬಲ್ ಗೆರೆ ಎಳೆದು ಸೈಟುಗಳಾಗಿ ಕತ್ತರಿಸಿ 'ಸನ್‌ರೈಸ್ ಪಾರ್ಕ್' ಎಂದು ಹೆಸರಿಟ್ಟಿದ್ದ. ಕೊಳ್ಳುವವರಿಗೆ ತೋರಿಸಲೆಂದು ಅಲ್ಲಿ ಒಂದೇ ಒಂದು ಮಾದರಿ ಮನೆಯೂ ಇತ್ತು, ಬಿಳಿ ಗೋಡೆ, ಹಸಿರು ಬಾಗಿಲು. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಧ್ಯಾಹ್ನದವರೆಗೆ ಇಳಿಯದೆ ಕೂತರೆ ಆ ಮನೆ ಲೆಸ್ಟರನದು ಎಂದು ಕರಾರಾಗಿತ್ತು.

ಲೆಸ್ಟರ್ ಕಸುಬಿನಲ್ಲಿ ಚರ್ಚಿನ ಗೋಪುರಗಳಿಗೆ ಬಣ್ಣ ಬಳಿಯುವವನು. ನೆಲದ ಮೇಲೆ ನಿಂತರೆ ತಲೆ ಸುತ್ತುವ ಜಾತಿ. ಮದುವೆಯಾದಾಗಿನಿಂದ ಅವನೂ ವರ್ನಾಳೂ ಕಂಡದ್ದು ಬಾಡಿಗೆ ಕೋಣೆಗಳನ್ನೇ. ಪ್ರತಿ ಕೋಣೆಗೂ ಒಬ್ಬ ಒಡತಿ, ಪ್ರತಿ ಒಡತಿಗೂ ಗೋಡೆಗಂಟಿದ ಕಿವಿ. ಗಂಡ ಹೆಂಡತಿ ಜಗಳವನ್ನೂ ಪಿಸುಗುಟ್ಟಿಯೇ ಆಡಬೇಕಾಗಿ, ಕೊನೆಗೆ ಯಾರು ಗೆದ್ದರೆಂದು ಇಬ್ಬರಿಗೂ ಕೇಳಿಸುತ್ತಿರಲಿಲ್ಲ. ಆ ಹಸಿರು ಬಾಗಿಲಿಗಾಗಿ ವರ್ನಾ ಕುತುಬು ಮಿನಾರಿನ ಮೇಲಾದರೂ ಗಂಡನನ್ನು ಕೂರಿಸಲು ತಯಾರಿದ್ದಳು. ಅಂಥದ್ದೊಂದು ಮಿನಾರು ಇದೆಯೆಂದು ಅವಳಿಗೆ ಗೊತ್ತಿಲ್ಲದ್ದರಿಂದ ಲೆಸ್ಟರ್ ಬಚಾವಾದ.

ಕರಾರಿಗೊಂದು ಬಾಲವಿತ್ತು. ಕ್ರೇಬಲ್ ಊರಿನ ಏಳಿಗೆ ಸಂಘದ ಅಧ್ಯಕ್ಷ. ಸಂಘದ ವಾರದೂಟದಲ್ಲಿ ಮೇಜಿನ ನಡುವೆ ಒಂದು ಗಾಜಿನ ಜಾಡಿ ಇಡುತ್ತಿದ್ದರು. ಯಾರ ಬಾಯಲ್ಲಾದರೂ ಗೊಣಗು ಮಾತು ಬಂದರೆ ಜಾಡಿಗೆ ಒಂದು ಡಾಲರ್ ದಂಡ. ಕ್ಷೌರಿಕ ಆಸ್ಕರ್ ಒಮ್ಮೆ "ಮೀನು ಸ್ವಲ್ಪ ಹಳಸಿದೆ" ಅಂದು ಡಾಲರು ಕಳೆದುಕೊಂಡಿದ್ದ. "ಮೀನಿಗೆ ಅನುಭವ ಬಂದಿದೆ" ಅನ್ನಬೇಕಿತ್ತಂತೆ. ಊರಿನ ಹೆಸರು ಮೊದಲು ಗ್ಯಾಲಟಿನ್ ಫಾಲ್ಸ್ ಎಂದಿತ್ತು. ಹೆಸರಿನಲ್ಲೇ ಬೀಳುವುದು ಇದೆಯಲ್ಲ ಎಂದು ಸಂಘದವರು ಅದನ್ನು ಗ್ಯಾಲಟಿನ್ ಹೈಟ್ಸ್ ಮಾಡಿದರು. ಊರಿನಲ್ಲಿ ಜಲಪಾತವೂ ಇರಲಿಲ್ಲ, ಗುಡ್ಡವೂ ಇರಲಿಲ್ಲ, ಹಾಗಾಗಿ ಯಾರಿಗೂ ನಷ್ಟವಾಗಲಿಲ್ಲ. ಇದೇ ಹುರುಪಿನಲ್ಲಿ ಕ್ರೇಬಲ್ ಕರಾರಿನ ಕೊನೆಗೆ ಬರೆಸಿದ್ದ: ಕಂಬದ ಮೇಲಿನವನಾಗಲಿ ಅವನ ಹೆಂಡತಿಯಾಗಲಿ ವ್ಯಾಪಾರದ ಬಗ್ಗೆ, ಊರಿನ ಬಗ್ಗೆ, ದೇಶದ ಬಗ್ಗೆ ಒಂದೇ ಒಂದು ಗೊಣಗು ಮಾತಾಡಿದರೂ ಮನೆ ಇಲ್ಲ.

"ಅಷ್ಟೇನಾ?" ಎಂದು ನಗುತ್ತ ಸಹಿ ಹಾಕಿದ್ದ ಲೆಸ್ಟರ್. ಅಕ್ಟೋಬರಿನಲ್ಲಿ ಗೊಣಗಲು ಯಾರಿಗೆ ತಾನೆ ಪುರುಸೊತ್ತಿತ್ತು?

ಎಲ್ಲರೂ ಏರುತ್ತಿದ್ದರು. ಕೆಳಗೆ ಬೀದಿಯಲ್ಲಿ ಬ್ಯಾಂಡು, ಬಲೂನು, ಬಿಟ್ಟಿ ಸಾಸೇಜು. ಬುಟ್ಟಿಯಲ್ಲಿ ಹುರಿದ ಕೋಳಿ, ಸೇಬಿನ ಪೈ, ಮದ್ಯ ನಿಷೇಧದ ಕಾಲವಾದ್ದರಿಂದ ಕೆಮ್ಮಿನ ಔಷಧದ ಸೀಸೆಯಲ್ಲಿ ಕೆಮ್ಮು ಬರಿಸುವಂಥ ಔಷಧ. ಕ್ರೇಬಲ್ ಹೋಟೆಲನ್ನು ಅಡ ಇಟ್ಟು ಷೇರು ಕೊಂಡಿದ್ದ, ಆ ಷೇರನ್ನು ಅಡ ಇಟ್ಟು ಸೈಟು ಕೊಂಡಿದ್ದ. ಆಸ್ಕರ್ ಗಡ್ಡ ಹೆರೆಯುತ್ತ ಉಕ್ಕಿನ ಕಂಪನಿಗಳ ಬಗ್ಗೆ ಉಪದೇಶ ಮಾಡುತ್ತಿದ್ದ. ಕುತ್ತಿಗೆಯ ಮೇಲೆ ಕತ್ತಿ ಇರುವಾಗ ಯಾರೂ ವಾದಿಸುತ್ತಿರಲಿಲ್ಲ. ಹಲ್ಡಾ ರೇಡಿಯೋ ಕಂಪನಿಯ ಷೇರನ್ನು ಕಂತಿನ ಮೇಲೆ ತೆಗೆದುಕೊಂಡಿದ್ದಳು. ಷೇರು ಪೇಟೆ ಏರಿದ ದಿನ ಅವಳು ಆಲೂಗೆಡ್ಡೆ ಸುಲಿದರೆ ಸಿಪ್ಪೆ ಬೆರಳು ದಪ್ಪ.

"ವರ್ನಾ, ನಾನು ಬೇಸಿಗೇಲಿ ಸ್ವೀಡನ್‌ಗೆ ಹೋಗಿ ನಮ್ಮಕ್ಕನ ಹೊಟ್ಟೆ ಉರಿಸಿ ಬರ್ತೀನಿ ನೋಡ್ತಿರು," ಎನ್ನುತ್ತಿದ್ದಳು.

ಅಕ್ಟೋಬರ್ ಕೊನೆಯ ಒಂದು ಮಂಗಳವಾರ ಟೋಪಿಗಳ ನಡೆ ಬದಲಾಯಿತು. ಅಲ್ಲಿಯವರೆಗೆ ಬೀದಿಯ ಟೋಪಿಗಳು ಹಿಂದಕ್ಕೆ ವಾಲಿ ಲೆಸ್ಟರನನ್ನು ನೋಡುತ್ತಿದ್ದವು. ಅವತ್ತು ಎಲ್ಲವೂ ತಾಜಾ ಸುದ್ದಿ ಬರೆದು ಅಂಟಿಸುವ ಪತ್ರಿಕೆ ಕಚೇರಿಯ ಕಿಟಕಿಯತ್ತ ಓಡಿದವು. ಅಲ್ಲಿ ಒತ್ತೊತ್ತಾಗಿ ನಿಂತವು. ಬೇಸ್‌ಬಾಲ್ ಇರಬೇಕು ಅಂದುಕೊಂಡ ಲೆಸ್ಟರ್. ಬೇಸ್‌ಬಾಲ್ ಮುಗಿದು ಎರಡು ವಾರವಾಗಿತ್ತೆಂದು ಆಮೇಲೆ ನೆನಪಾಯಿತು. ಸಂಜೆಗೆ ಕ್ರೇಬಲ್ ದೂರಕ್ಕೆ ಕೂಗಿ ಮಾತಾಡುವ ತಗಡಿನ ತುತ್ತೂರಿ ಹಿಡಿದು ತಾರಸಿಗೆ ಬಂದ.

"ಲೆಸ್ಟಾ...ರ್! ಹೇಗಿದ್ದೀಯಪ್ಪಾ, ನಮ್ಮೂರಿನ ಶಿಖರಾ?"

"ಚೆನ್ನಾಗಿದೀನಿ ಸಾರ್. ಅಲ್ಲೇನು ಗುಂಪು?"

"ಗುಂಪಾ? ಅದು ಉತ್ಸಾಹ ಕಣಯ್ಯಾ, ಉತ್ಸಾಹ! ಪೇಟೆ ಸ್ವಲ್ಪ ಕೂತಿದೆ, ಅಷ್ಟೇ. ನೀನೂ ಕೂತಿದ್ದೀಯ. ಕೂತವರನ್ನ ಬಿದ್ದರು ಅಂತಾರೇನು?"

"ಇಲ್ಲ ಸಾರ್."

"ಮತ್ತೆ! ಕೂತವನು ಒಂದಿನ ಏಳಲೇಬೇಕು. ಗಟ್ಟಿಯಾಗಿ ಹಿಡ್ಕೊಂಡಿರು!"

"ಹಿಡ್ಕೊಂಡೇ ಇದೀನಿ ಸಾರ್. ಬಿಟ್ರೆ ಬಿದ್..."

"ಆಂ ಆಂ ಆಂ!" ಕ್ರೇಬಲ್ ಬೆರಳೆತ್ತಿದ. "ಆ ಪದ ಬೇಡ. ಅರ್ಧಕ್ಕೇ ನಿಂತಿತು, ಹೋಗಲಿ ಬಿಡು."

ಆಮೇಲೆ ಊರಿಗೆ ಏನಾಯಿತೆಂದು ಲೆಸ್ಟರನಿಗೆ ತಿಳಿಸಬಲ್ಲವಳು ವರ್ನಾ ಒಬ್ಬಳೇ. ಅವಳ ಬಾಯಿಗೋ ಕರಾರಿನ ಬೀಗ. ದಿನಾ ಬುಟ್ಟಿ ಕಟ್ಟುವ ಹೊತ್ತಿಗೆ ತಾರಸಿಯ ಮೇಲೆ ನಿಂತು, ಎದೆ ಉಬ್ಬಿಸಿ, ಗಲ್ಲ ಒಳಗೆಳೆದು, ಥೇಟ್ ಕ್ರೇಬಲನ ದನಿಯಲ್ಲೇ ವರದಿ ಒಪ್ಪಿಸುತ್ತಿದ್ದಳು.

"ಬ್ಯಾಂಕಿನ ಬಾಗಿಲು ಯಾಕೆ ಹಾಕಿದೆ?" ಎಂದ ಲೆಸ್ಟರ್ ಒಂದು ದಿನ.

"ಬಣ್ಣ ಹೊಡೀತಿದ್ದಾರಪ್ಪಾ!"

"ಬಾಗಿಲು ಮುಚ್ಕೊಂಡಾ?"

"ಒಳಗಿಂದ ಹೊಡೀತಿದ್ದಾರೆ!"

ತನಗೆ ತಿಳಿಯದ ಹಾಗೆ ಊರಿನಲ್ಲಿ ಯಾವನು ಬಣ್ಣ ಹೊಡೆಯುತ್ತಾನೆ? ಏಣಿ ಒಳಗೆ ಹೋದದ್ದನ್ನು ಲೆಸ್ಟರ್ ಕಂಡಿರಲಿಲ್ಲ. ಕಂಡದ್ದು, ಬೂದು ಫೆಲ್ಟ್ ಟೋಪಿ ಹಿಂಬಾಗಿಲಿನಿಂದ ಹೊರಗೆ ಹೋದದ್ದನ್ನು. ಆದರೆ 'ಬ್ಯಾಂಕು ಮುಳುಗಿತಾ' ಎಂದು ಕೇಳುವುದೂ ಗೊಣಗಿದಂತೆಯೇ ಆಗುತ್ತದಲ್ಲ! ಮಾತು ಬದಲಿಸಿದ.

"ನಮ್ಮ ಕೋಣೆ ಹೇಗಿದೆ?"

ವರ್ನಾ ಎದೆಯನ್ನು ಇನ್ನಷ್ಟು ಉಬ್ಬಿಸಿದಳು. "ಈಗ ಗಾಳಿ ಬೆಳಕು ಜಾಸ್ತಿ."

ತಾರಸಿಯ ಮೂಲೆಯಲ್ಲಿ ಹೋಟೆಲಿನ ಹಾಸಿಗೆ ಬಟ್ಟೆ ಒಣಗಿಸುವ ಗೂಡೊಂದಿತ್ತು. ಅದರ ಕೊಳವೆಯಿಂದ ಕೆಲವು ದಿನಗಳಿಂದ ಹೊಗೆ ಬರುತ್ತಿತ್ತು. ತನ್ನದೇ ಚಳಿಗಾಲದ ಉದ್ದ ಚಡ್ಡಿ ಅಲ್ಲಿನ ತಂತಿಯ ಮೇಲೆ ತೂಗಾಡುವುದನ್ನು ಲೆಸ್ಟರ್ ನೋಡಿದ. ಬಾಡಿಗೆ ಕಟ್ಟಲಾಗದೆ ವರ್ನಾ ಕೋಣೆ ಬಿಟ್ಟು ಇಲ್ಲಿ ಸೇರಿಕೊಂಡಿದ್ದಾಳೆಂದು ಅರ್ಥವಾಯಿತು. "ಚಡ್ಡಿ ತುಂಬಾ ಹುರುಪಾಗಿ ಹಾರಾಡ್ತಿದೆ," ಎಂದಷ್ಟೇ ಅಂದ.

ಬುಟ್ಟಿ ದಿನದಿನಕ್ಕೆ ಹಗುರವಾಯಿತು. ಕೋಳಿ ಹೋಗಿ ಹುರುಳಿಕಾಯಿ ಬಂತು, ಅದೂ ಹೋಗಿ ಸೂಪು ಬಂತು. ಆಲೂಗೆಡ್ಡೆ ಸಿಪ್ಪೆ ಸಮೇತ ಬರತೊಡಗಿದಾಗ ಹಲ್ಡಾಳ ಷೇರಿನ ಗತಿ ಏನೆಂದು ಲೆಸ್ಟರನಿಗೆ ತಿಳಿಯಿತು. ಬ್ಯಾಂಡಿನವರು ಬರುವುದನ್ನು ನಿಲ್ಲಿಸಿದರು. ಟೋಪಿಗಳು ನೆಲ ನೋಡಿಕೊಂಡು ಓಡಾಡಿದವು. ಆದರೂ ಎದುರುಬದುರಾದಾಗ "ಹೇಗಿದೆ?" ಎಂದರೆ "ಫಸ್ಟ್ ಕ್ಲಾಸ್!" ಎಂಬ ಉತ್ತರವೇ ಕಂಬದವರೆಗೆ ಕೇಳುತ್ತಿತ್ತು.

ನವೆಂಬರಿನ ಮೊದಲ ಮಂಜು ಬಿದ್ದ ಬೆಳಿಗ್ಗೆ, ಕ್ರೇಬಲನ ಹಳದಿ ಕಾರು ಹೋಟೆಲಿನ ಹಿಂಬದಿಯಿಂದ ಸದ್ದಿಲ್ಲದೆ ಹೊರಟಿತು. ಕಾರಿನ ತಲೆಯ ಮೇಲೆ ಕಟ್ಟಿದ್ದ ಹಾಸಿಗೆ, ಹಾಸಿಗೆಯ ಮೇಲೊಂದು ಕುರ್ಚಿ. ದಕ್ಷಿಣದ ರಸ್ತೆ ಹಿಡಿದು ಕಣ್ಮರೆಯಾಯಿತು. ಕಂಬದ ಮೇಲೆ ಕೂತವನು ಲೆಸ್ಟರ್, ಕಂಬಿ ಕಿತ್ತವನು ಕ್ರೇಬಲ್.

"ಕ್ರೇಬಲ್ ಸಾಹೇಬ್ರು ಪ್ರವಾಸ ಹೊರಟ ಹಾಗಿತ್ತು," ಎಂದ ಲೆಸ್ಟರ್, ಬುಟ್ಟಿ ಎಳೆದುಕೊಳ್ಳುತ್ತ. "ಹಾಸಿಗೆ ಸಮೇತ."

"ಹೌದೌದು! ಆರೋಗ್ಯಕ್ಕೆ ಒಳ್ಳೇದಂತೆ!" ಎಂದಳು ವರ್ನಾ ಕ್ರೇಬಲನ ದನಿಯಲ್ಲಿ. ದನಿ ಮಾತ್ರ ನಡುವೆ ಒಂದು ಕಡೆ ಒಡೆಯಿತು.

ಗಂಡನಿಗೆ ವಿಷಯ ತಿಳಿದರೆ ಎದೆಯೊಡೆದು ಬಿದ್ದಾನು, ಬೀಳದಿದ್ದರೂ ಇಳಿದಾನು, ಮನೆ ಹೋದೀತು ಎಂಬುದು ಅವಳ ಭಯ. ಹೆಂಡತಿಗೆ ತಿಳಿದರೆ ಕೂಗಾಡಿಯಾಳು, ಕೂಗಾಡಿದರೆ ಮನೆ ಹೋದೀತು ಎಂಬುದು ಇವನ ಭಯ. ಕರಾರು ಬರೆಸಿದವನು ಮೂರು ರಾಜ್ಯ ದಾಟಿದ್ದ. ಇಬ್ಬರೂ ಅವನ ಮಾತಿಗೆ ಕಟ್ಟುಬಿದ್ದು, ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಂಡು, ಚಳಿಯಲ್ಲಿ ಹಲ್ಲು ಕಡಿಯುತ್ತ ನಗುತ್ತಿದ್ದರು.

ಹಬ್ಬಕ್ಕೆ ಒಂದು ವಾರವಿರಬೇಕು. ಗಾಳಿಯ ಜೊತೆ ಆಲಿಕಲ್ಲಿನಂಥ ಮಳೆ. ಲೆಸ್ಟರನಿಗೆ ಮೊಣಕಾಲಿನ ಕೆಳಗೆ ಏನೂ ತಿಳಿಯುತ್ತಿರಲಿಲ್ಲ. ಮಧ್ಯಾಹ್ನ ಬುಟ್ಟಿ ಎಳೆದರೆ ಒಳಗೆ ಒಂದೇ ಒಂದು ಬೇಯಿಸಿದ ಆಲೂಗೆಡ್ಡೆ.

"ಇವತ್ತು ವಿಶೇಷ ಭೋಜನ!" ಎಂದು ಕೆಳಗಿನಿಂದ ವರ್ನಾಳ ಬಾಯಲ್ಲಿ ಕ್ರೇಬಲನ ದನಿ ಬಂತು. "ಹೊಟ್ಟೆಗೆ ಹಗುರ!"

ಲೆಸ್ಟರ್ ಬುಟ್ಟಿಯೊಳಗೆ ಬಗ್ಗಿ ನೋಡಿದ. "ಭಾರಿ ಧೈರ್ಯದ ಆಲೂಗೆಡ್ಡೆ ಕಣೇ. ಇಷ್ಟು ದೊಡ್ಡ ಬುಟ್ಟೀಲಿ ಒಂಟಿಯಾಗಿದ್ರೂ ಎದೆಗುಂದಿಲ್ಲ."

ವರ್ನಾಳಿಗೆ ನಗು ಬಂತು. ನಗು ನಿಲ್ಲಲಿಲ್ಲ, ಹೊಟ್ಟೆ ಹಿಡಿದುಕೊಂಡು ಕೂತಳು. ಮತ್ತೆ ಎದ್ದಾಗ ಅದು ನಗುವಾಗಿ ಉಳಿದಿರಲಿಲ್ಲ.

"ಸಾಕು! ಸಾಕು! ಸಾಕು!" ಎಂದು ತನ್ನದೇ ದನಿಯಲ್ಲಿ ಕಿರುಚಿದಳು. "ಓಡಿಹೋದ ಕಣೋ ಆ ಕ್ರೇಬಲ್! ಬ್ಯಾಂಕು ಮುಳುಗಿ ತಳ ಕಂಡಿದೆ! ಗರಾಜಿಗೆ ಬೀಗ! ಒಡತಿ ನನ್ನ ಪೆಟ್ಟಿಗೆ ಬೀದಿಗೆಸೆದ್ಲು, ನಾನು ಒದ್ದೆ ಬೆಡ್‌ಶೀಟಿನ ನಡುವೆ ಮಲಗ್ತಿದೀನಿ! ಊರು ಹಾಳು, ದೇಶ ಹಾಳು, ಆ ಆಲೂಗೆಡ್ಡೇನೂ ಹಾಳು, ಅದರ ಇನ್ನೊಂದು ಮಗ್ಗುಲು ಕೊಳೆತಿದೆ, ನೋಡ್ಕೊಂಡು ತಿನ್ನು!"

ಲೆಸ್ಟರ್ ಆಲೂಗೆಡ್ಡೆಯ ಇನ್ನೊಂದು ಮಗ್ಗುಲು ತಿರುಗಿಸಿ ನೋಡಿದ.

"ಗೊತ್ತು ಕಣೇ," ಎಂದ ಲೆಸ್ಟರ್.

"ಏನು ಗೊತ್ತು?"

"ಎಲ್ಲಾನೂ. ಇಲ್ಲಿಂದ ಎಲ್ಲಾ ಕಾಣ್ಸುತ್ತೆ. ಆಲೂಗೆಡ್ಡೆ ಒಂದು ಗೊತ್ತಿರ್ಲಿಲ್ಲ."

"ಗೊತ್ತಿದ್ದೂ ಕೂತಿದ್ದೀಯಾ, ಮೂರ್ಖ ಶಿಖಾಮಣಿ?"

"ನೀನು ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ಯಲ್ಲ. ನೀನು ಅಷ್ಟು ಕಷ್ಟದ ಕೆಲಸ ಮಾಡ್ತಿರೋವಾಗ, ನಾನು ಬರೀ ಕೂತ್ಕೊಳೋದು ಏನು ಮಹಾ?"

ವರ್ನಾಳ ಕೂಗು ಬೀದಿಯವರೆಗೂ ಹೋಗಿತ್ತು. ಲೆಸ್ಟರ್ ಕೆಳಗೆ ನೋಡಿದ. ಬಹಳ ದಿನಗಳ ಮೇಲೆ ಟೋಪಿಗಳು ಹಿಂದಕ್ಕೆ ವಾಲಿದ್ದವು. ಟೋಪಿಗಳ ಕೆಳಗೆ ಮುಖಗಳಿದ್ದವು, ಮುಖಗಳಲ್ಲಿ ಬಾಯಿಗಳು ತೆರೆದಿದ್ದವು. ಮೊದಲು ಸಿಡಿದವನು ಆಸ್ಕರ್.

"ಒಂದು ವಾರದಿಂದ ನನ್ನ ಅಂಗಡಿಗೆ ಒಂದು ಗಡ್ಡ ಬಂದಿಲ್ಲ!" ಎಂದು ಗಂಟಲು ಹರಿಯುವಂತೆ ಕೂಗಿದ. "ಉಕ್ಕಿನ ಷೇರು ತುಕ್ಕು ಹಿಡೀತು!"

"ನನ್ನ ರೇಡಿಯೋ ಷೇರಿಗೆ ರೇಡಿಯೋದ ಒಂದು ಗುಂಡೀನೂ ಬರಲ್ಲ!" ಅಡುಗೆಮನೆಯ ಕಿಟಕಿಯಿಂದ ಹಲ್ಡಾ ಸೌಟು ಬಡಿದಳು.

ಆಮೇಲೆ ಯಾರನ್ನೂ ಹಿಡಿಯುವಂತಿರಲಿಲ್ಲ. ಗರಾಜಿನವನು ಬ್ಯಾಂಕಿನವರ ಕುಲ ಜಾಲಾಡಿದ. ಪಾದ್ರಿಯ ಹೆಂಡತಿ, ಕಾಣಿಕೆ ತಟ್ಟೆಗೆ ಜನ ಕೋಟಿನ ಗುಂಡಿ ಹಾಕುತ್ತಿದ್ದಾರೆಂದು ಅತ್ತುಕೊಂಡಳು. ಮೂರು ವಾರದಿಂದ ಒಳಗೆ ಕಟ್ಟಿಕೊಂಡದ್ದೆಲ್ಲ ಕಟ್ಟೆಯೊಡೆದು ಹರಿಯಿತು. ಮಳೆಯಲ್ಲಿ ನೆನೆಯುತ್ತ, ಒಬ್ಬರನ್ನೊಬ್ಬರು ಮೀರಿಸುತ್ತ, ಊರಿಗೆ ಊರೇ ಹಬ್ಬದಂತೆ ಗೊಣಗಿತು.

ಆ ಗದ್ದಲದ ನಡುವೆ ಯಾರದೆಂದು ಗೊತ್ತಿಲ್ಲದ ಕಂದು ಟೋಪಿಯೊಂದು ಹೋಟೆಲಿನ ಬಾಗಿಲು ಹೊಕ್ಕಿತು. ಸ್ವಲ್ಪ ಹೊತ್ತಿಗೆ ಅದರ ಕೆಳಗಿನ ಮನುಷ್ಯ ತಾರಸಿಗೆ ಬಂದ. ಹೆಸರು ನೈಕ್ವಿಸ್ಟ್, ಕ್ರೇಬಲನ ಆಸ್ತಿಯನ್ನೆಲ್ಲ ವಶಕ್ಕೆ ತೆಗೆದುಕೊಳ್ಳಲು ಕೋರ್ಟು ನೇಮಿಸಿದ ಅಧಿಕಾರಿ. ಇಸ್ತ್ರಿ ಮಾಡಿದ ಮುಖ.

"ಹೋಟೆಲು ಒಂದು," ಎಂದು ಬರೆದುಕೊಂಡ. "ಕಂಬ ಒಂದು. ಕಂಬದ ಮೇಲೆ... ಅದೇನ್ರೀ ಅದು?"

"ನಮ್ಮ ಯಜಮಾನ್ರು," ಎಂದಳು ವರ್ನಾ.

ಲೆಸ್ಟರ್ ಕೋಟಿನ ಒಳಜೇಬಿನಿಂದ ಕರಾರು ತೆಗೆದು ಬುಟ್ಟಿಯಲ್ಲಿ ಇಳಿಸಿದ. ನೈಕ್ವಿಸ್ಟ್ ಕನ್ನಡಕ ಒರೆಸಿಕೊಂಡು ಓದಿದ, ಮತ್ತೊಮ್ಮೆ ಓದಿದ. ಕೊನೆಯ ಸಾಲಿಗೆ ಬಂದಾಗ ಹುಬ್ಬು ಏರಿತು.

"ಕರಾರೇನೋ ಸರಿಯಾಗಿದೆ. ಆದರೆ ಇಲ್ಲಿ ಗೊಣಗಬಾರದು ಅಂತಿದೆ. ನಾನು ಬರೋವಾಗ ಒಬ್ಬ ಹೆಂಗಸು ಕಿರುಚೋದು ಕೇಳಿಸ್ತು. ಬ್ಯಾಂಕು ಮುಳುಗಿತು, ದೇಶ ಹಾಳು ಅಂತೇನೋ. ನೀವೇನಾ ಅದು?"

ವರ್ನಾ ಕಂಬವನ್ನು ಹಿಡಿದುಕೊಂಡಳು. ತಾನು ಮೂರು ವಾರ ನುಂಗಿಕೊಂಡದ್ದನ್ನು ಒಂದು ಆಲೂಗೆಡ್ಡೆಗಾಗಿ ಕಕ್ಕಿ, ಮನೆಯನ್ನು ಕೈಯಾರೆ ಕಳೆದುಬಿಟ್ಟೆನಲ್ಲ! ಅವಳು ಬಾಯಿ ತೆರೆಯುವ ಮೊದಲೇ ನೈಕ್ವಿಸ್ಟ್ ಕ್ರೇಬಲ್ ಬಿಟ್ಟುಹೋಗಿದ್ದ ತುತ್ತೂರಿ ಎತ್ತಿಕೊಂಡು ತಾರಸಿಯಂಚಿಗೆ ಹೋದ.

"ಮಹನೀಯರೇ! ಈ ಹೆಂಗಸು ಊರಿನ ಬಗ್ಗೆ, ವ್ಯಾಪಾರದ ಬಗ್ಗೆ ಗೊಣಗಿದ್ದನ್ನ ಯಾರಾದರೂ ಕೇಳಿದ್ರಾ?"

ಮೇಲಿದ್ದ ಲೆಸ್ಟರನಿಗೆ ಟೋಪಿಗಳು ಒಂದರ ಕಡೆ ಒಂದು ತಿರುಗುವುದು ಕಂಡಿತು. ಅವಳು ಗೊಣಗಿದ್ದು ಹೌದೆಂದರೆ ತಾವೂ ಗೊಣಗಿದ್ದು ಹೌದೆನ್ನಬೇಕು. ಮಾತಿಗೊಂದು ಡಾಲರಿನಂತೆ ಆಸ್ಕರನೊಬ್ಬನೇ ಅಂಗಡಿ ಮಾರಬೇಕಾಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಬಂದವನು ಹೊರಗಿನವನು. ಹೊರಗಿನವನ ಮುಂದೆ ಗ್ಯಾಲಟಿನ್ ಹೈಟ್ಸ್ ಕೆಟ್ಟಿದೆ ಎನ್ನಲು ಇಷ್ಟು ವರ್ಷ ಪಳಗಿದ ಯಾವ ನಾಲಿಗೆಯೂ ಒಪ್ಪಲಿಲ್ಲ.

"ಗೊಣಗೋದಾ? ನಮ್ಮೂರಲ್ಲಾ?" ಆಸ್ಕರ್ ಎದೆಯ ಮೇಲೆ ಕೈ ಇಟ್ಟುಕೊಂಡ. "ಹಾಡು ಸ್ವಾಮೀ ಅದು! ಹಬ್ಬಕ್ಕೆ ಅಭ್ಯಾಸ ಮಾಡ್ತಿದ್ವಿ!"

"ಬ್ಯಾಂಕು ಮುಳುಗಿತು ಅನ್ನೋದು ಹಾಡಾ?"

"ಭಕ್ತಿಗೀತೆ!" ಎಂದಳು ಪಾದ್ರಿಯ ಹೆಂಡತಿ, ಒಂದು ಕಣ್ಣನ್ನು ಆಕಾಶದ ಕಡೆಗಿಟ್ಟು. "ಎಲ್ಲಾ ಭಕ್ತಿಗೀತೇಲೂ ಮೊದಲು ಯಾರಾದ್ರೂ ಮುಳುಗ್ತಾರೆ, ಆಮೇಲೆ ದೇವರು ಎತ್ತುತಾನೆ. ನೀವು ಎರಡನೇ ಚರಣಕ್ಕೆ ಮುಂಚೆ ಬಂದ್ರಿ."

"ವ್ಯಾಪಾರ ಹೇಗಿದೆ?"

"ಫಸ್ಟ್ ಕ್ಲಾಸ್!" ಎಂದಿತು ಇಡೀ ಬೀದಿ, ಮೂಗಿನ ತುದಿಯಿಂದ ಮಳೆನೀರು ತೊಟ್ಟಿಕ್ಕಿಸುತ್ತ.

ನೈಕ್ವಿಸ್ಟ್ ತುತ್ತೂರಿ ಕೆಳಗಿಟ್ಟ. ನಂಬಿದನೆಂದು ಅವನ ಮುಖ ನೋಡಿದರೆ ಅನಿಸುತ್ತಿರಲಿಲ್ಲ. "ದೂರು ಕೊಡೋರು ಯಾರೂ ಇಲ್ಲ ಅಂದ ಮೇಲೆ ಕರಾರು ಜೀವಂತ," ಎಂದ. "ಹಬ್ಬದ ಮಧ್ಯಾಹ್ನದವರೆಗೆ ಕೂತರೆ ಮನೆ ನಿಮ್ಮದು. ಒಂದು ನಿಮಿಷ ಮುಂಚೆ ಇಳಿದರೂ ಇಲ್ಲ." ಆಮೇಲೆ ದನಿ ತಗ್ಗಿಸಿ, "ಆ ಮನೇನ ಹರಾಜಿಗಿಟ್ರೆ ನಾಯಿಯೂ ಮೂಸಲ್ಲ ಬಿಡಿ," ಎಂದ.

ಉಳಿದ ದಿನಗಳು ಹುರುಪಿನವಲ್ಲ. ಹಗ್ಗ ಹೆಪ್ಪುಗಟ್ಟಿ ಕೋಲಾಗುತ್ತಿತ್ತು. ಹಲ್ಡಾ ಒಲೆಯಲ್ಲಿ ಇಟ್ಟಿಗೆ ಕಾಯಿಸಿ, ಕಂಬಳಿ ಸುತ್ತಿ ಬುಟ್ಟಿಯಲ್ಲಿ ಏರಿಸಿದಳು. ಗರಾಜಿನವನು ಕಾರಿನ ಸೀಟಿನ ಮೆತ್ತೆ ಕಿತ್ತು ತಂದ. ಲೆಸ್ಟರ್ ತೂಕಡಿಸಿದರೆ ಹೆಬ್ಬೆರಳಿಗೆ ಅವನನ್ನು ಎಬ್ಬಿಸುವಷ್ಟು ಸ್ಪರ್ಶ ಉಳಿದಿರಲಿಲ್ಲ. ಆದ್ದರಿಂದ ಆ ಕೆಲಸ ವರ್ನಾ ವಹಿಸಿಕೊಂಡಳು. ಕಂಬದ ಬುಡದಲ್ಲಿ ಕೂತು ಕ್ರೇಬಲನಂತೆ, ಒಡತಿಯಂತೆ, ನೈಕ್ವಿಸ್ಟನಂತೆ ಮಾತಾಡುತ್ತಲೇ ಇದ್ದಳು. ಮೇಲಿನಿಂದ ನಗು ಕೇಳಿಸದಿದ್ದಾಗ ಕಂಬಕ್ಕೆ ಸೌಟಿನಿಂದ ಬಡಿಯುತ್ತಿದ್ದಳು.

ಹಬ್ಬದ ಮಧ್ಯಾಹ್ನ ಚರ್ಚಿನ ಗಂಟೆ ಹೊಡೆಯಿತು. ಲೆಸ್ಟರನಿಗೆ ಕಾಲು ಮಡಚಲಾಗಲಿಲ್ಲ, ಬಿಡಿಸಲೂ ಆಗಲಿಲ್ಲ. ಹಗ್ಗ ಕಟ್ಟಿ ಇಳಿಸಬೇಕಾಯಿತು. ಯಾವ ಬಣ್ಣದ ಹಗ್ಗ ಎಂದು ಹಲ್ಡಾ ಕೇಳಿದಳು. ಕೂತ ಭಂಗಿಯಲ್ಲೇ ಅವನನ್ನು ಹೋಟೆಲಿನ ಕುರ್ಚಿಯೊಂದರಲ್ಲಿ ಇಟ್ಟು, ನೈಕ್ವಿಸ್ಟ್ 'ಕುರ್ಚಿ ಒಂದು' ಎಂದು ಬರೆದುಕೊಳ್ಳುವ ಮೊದಲೇ ಕುರ್ಚಿ ಸಮೇತ ಹೊತ್ತುಕೊಂಡು ಸನ್‌ರೈಸ್ ಪಾರ್ಕಿಗೆ ನಡೆದರು. ಹೊಲದ ನಡುವೆ ಬೀದಿ ದೀಪಗಳು ಬೆಳಕಿಲ್ಲದೆ ನಿಂತಿದ್ದವು. ಹಸಿರು ಬಾಗಿಲಿನ ಮುಂದೆ ಕುರ್ಚಿ ಇಳಿಸಿ, ನೈಕ್ವಿಸ್ಟ್ ಕೊಟ್ಟಿದ್ದ ಬೀಗದ ಕೈ ಒಪ್ಪಿಸಿ, ಶುಭ ಕೋರಿ ಹೊರಟುಹೋದರು.

ವರ್ನಾ ಕುರ್ಚಿಯನ್ನು ಒಳಗೆಳೆದು ಬಾಗಿಲು ಹಾಕಿದಳು. ಲೆಸ್ಟರನಿಗೆ ಕತ್ತು ಮಾತ್ರ ತಿರುಗುತ್ತಿತ್ತು.

"ಹೇಗಿದೆ?" ಎಂದ.

ಅವಳು ಅಡುಗೆಮನೆಗೆ ಹೋದಳು. ನಲ್ಲಿ ತಿರುಗಿಸಿದ ಕೀರಲು ಸದ್ದು, ಆಮೇಲೆ ಏನೂ ಇಲ್ಲ.

"ಲೆಸ್ಟರ್," ಎಂದು ಅಭ್ಯಾಸಬಲದಿಂದ ಪಿಸುಗುಟ್ಟಿದಳು, "ನಲ್ಲಿಗೆ ಪೈಪೇ ಇಲ್ಲ."

"ಆಂ?"

"ಪೈಪಿಲ್ಲ ಅಂದೆ! ಗೋಡೆಗೆ ಮೊಳೆ ಹೊಡೆದು ನಿಲ್ಸಿದಾರೆ!" ದನಿ ಏರಿತು. ಮೆಟ್ಟಿಲು ಹತ್ತುವ ದಡದಡ. "ಕಪಾಟಲ್ಲಿರೋ ಪುಸ್ತಕ ರಟ್ಟು! ಕಿಟಕಿ ಮುಚ್ಚಲ್ಲ! ಈ ಸ್ನಾನದ ತೊಟ್ಟಿ... ಅಯ್ಯೋ, ಇದರೊಳಗೆ ಯಾವುದೋ ಪ್ರಾಣಿ ಮರಿ ಹಾಕಿದೆ ಕಣೋ! ಏನು ಗಲೀಜು, ಏನು ಮೋಸ, ಎಂಥಾ ದರಿದ್ರದ ಮನೆ ಇದು!"

ಲೆಸ್ಟರ್ ಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡ. ಪಾದದಲ್ಲಿ ಸೂಜಿ ಚುಚ್ಚಿದಂತೆ ಜೀವ ಮರಳುತ್ತಿತ್ತು.

"ಇನ್ನೂ ಸ್ವಲ್ಪ ಜೋರಾಗಿ ಹೇಳೇ," ಎಂದು ಕೂಗಿದ. "ಇಲ್ಲಿಗೆ ಸರಿಯಾಗಿ ಕೇಳ್ಸಲ್ಲ."